ಸಿಗ್ನಲ್‌ನಲ್ಲಿ ನಿಂತ್ರೆ ಗಾಡಿ ಗಡಗಡ ನಡುಗುತ್ತೆ, ಬ್ಯಾಟರಿ ಚೇಂಜ್ ಮಾಡಿ ಅಂತಿದ್ದಾರೆ, ಮಾಡ್ಬೇಕಾ?

ತುಂಗಾತೀರ:
ಎಲ್ರಿಗೂ ನಮಸ್ಕಾರ. ಗಾಡಿ ವಿಷಯ ಗೊತ್ತಿರೋರು ಸ್ವಲ್ಪ ದಾರಿ ತೋರಿಸಿ. ನಂದು 2014 ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್, 1.2 ಲೀಟರ್, ನಾಲ್ಕು ಸಿಲಿಂಡರ್, 80 ಸಾವಿರ ಕಿಲೋಮೀಟರ್ ಹತ್ರ ಓಡಿದೆ, ಇರೋದು ಶಿವಮೊಗ್ಗದಲ್ಲಿ. ಬೆಳಿಗ್ಗೆ ಸೆಲ್ಫ್ ಹೊಡೆದ್ರೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತೆ, ಓಡೋವಾಗ ಪಿಕಪ್ಪೂ ಚೆನ್ನಾಗಿದೆ. ತೊಂದ್ರೆ ಇರೋದು ಇಂಜಿನ್ ಬಿಸಿ ಆದ್ಮೇಲೆ ಸಿಗ್ನಲ್‌ನಲ್ಲೋ ರೈಲ್ವೆ ಗೇಟಲ್ಲೋ ನಿಂತಾಗ, ಎಸಿ ಹೆಡ್‌ಲೈಟ್ ಎರಡೂ ಆನ್ ಇದ್ರೆ ಆರ್‌ಪಿಎಂ ಮುಳ್ಳು (ಇಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ಅಂತ ತೋರಿಸೋದು) 750ರಿಂದ 550ಕ್ಕೆ ಇಳಿದು ಸ್ಟೇರಿಂಗ್ ಸೀಟು ಎಲ್ಲಾ ನಡುಗೋಕೆ ಶುರು, ಮುಂದಿನ ಗಾಡಿ ಮೇಲೆ ಬೀಳೋ ನಮ್ಮ ಲೈಟು ಮಂಕಾಗೋದು ಕಣ್ಣಿಗೇ ಕಾಣುತ್ತೆ, ಸ್ವಲ್ಪ ರೇಸ್ ಕೊಟ್ರೆ ಎಲ್ಲಾ ಸರಿ. ಚೆಕ್ ಇಂಜಿನ್ ಲೈಟ್ ಬಂದಿಲ್ಲ. ಒಂದು ಗ್ಯಾರೇಜಲ್ಲಿ ಇಂಜಿನ್‌ಗೆ ಗಾಳಿ ಬಿಡೋ ಥ್ರಾಟಲ್ ಬಾಡಿ ಕ್ಲೀನ್ ಮಾಡ್ಸಿದೆ, ಸ್ವಲ್ಪ ದಿನ ಪರವಾಗಿಲ್ಲ ಅನ್ನಿಸ್ತು, ಆಮೇಲೆ ಯಥಾಪ್ರಕಾರ. ಇನ್ನೊಬ್ರು ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರ್ ಬಿಚ್ಚಿ ಕ್ಲೀನ್ ಮಾಡ್ಬೇಕು ಅಂದ್ರು. ಬ್ಯಾಟರಿ ಅಂಗಡಿಯವ್ರು ನೋಡಿದ ತಕ್ಷಣ ಬ್ಯಾಟರಿ ಹೋಗಿದೆ ಅಂದ್ರು. ಬ್ಯಾಟರಿಗೆ ಎರಡು ವರ್ಷ ಆಗಿದೆ ಅಷ್ಟೆ. ನೆಗೆಟಿವ್ ಕಡೆ ಬಿಳಿ ಪುಡಿ ಕಟ್ಕೊಂಡಿರೋದು ನಿಜ. ಯಾರ ಮಾತು ನಂಬೋದು?

ಸಿಲ್ಕ್ ಬೋರ್ಡ್ ಸಂತ್ರಸ್ತ:
ಗುರು ಮೊದ್ಲು ಸ್ಪಾರ್ಕ್ ಪ್ಲಗ್ ತೆಗೆಸಿ ನೋಡು. 80 ಸಾವಿರ ಅಂತೀಯ, ಪ್ಲಗ್ ಯಾವಾಗ ಹಾಕ್ಸಿದ್ದು? ಮಾಮೂಲಿ ನಿಕ್ಕಲ್ ಪ್ಲಗ್ ಆದ್ರೆ 30 ಸಾವಿರಕ್ಕೆಲ್ಲಾ ತುದಿ ಸವೆದು ಗ್ಯಾಪ್ ಜಾಸ್ತಿ ಆಗಿರುತ್ತೆ. ಐಡಲ್‌ನಲ್ಲಿ (ರೇಸ್ ಕೊಡದೆ ಇಂಜಿನ್ ಓಡ್ತಿರೋವಾಗ) ನಡುಗ್ತಿದೆ ಅಂದ್ರೆ ಹತ್ತಕ್ಕೆ ಆರು ಸಲ ಪ್ಲಗ್ಗು, ಇಲ್ಲ ಪ್ಲಗ್ಗಿಗೆ ಕರೆಂಟ್ ಕೊಡೋ ಕಾಯಿಲ್ಲು, ಇಲ್ಲ ಥ್ರಾಟಲ್ಲು. ಎಂಜಿನ್ ಮೌಂಟ್ ರಬ್ಬರ್ ಕೂಡ ನೋಡ್ಸು, ಅದು ಹರಿದಿದ್ರೆ ಇಂಜಿನ್ ಸರಿಯಾಗೇ ಓಡ್ತಿದ್ರೂ ಸೀಟೆಲ್ಲಾ ನಡುಗುತ್ತೆ, ಜನ ಅದನ್ನ ಮಿಸ್ಸಿಂಗ್ (ಸಿಲಿಂಡರ್ ಸರಿಯಾಗಿ ಉರೀದೆ ತಪ್ಪೋದು) ಅಂದ್ಕೊಂಡು ಪ್ಲಗ್ ಇಂಜೆಕ್ಟರ್ ಅಂತ ದುಡ್ಡು ಸುರೀತಾರೆ.

ತುಂಗಾತೀರ:
ಪ್ಲಗ್ ಹೋದ ವರ್ಷ ಹಾಕ್ಸಿದ್ದು, ಈಗ ತೆಗೆದು ನೋಡ್ದೆ, ನಾಲ್ಕೂ ಒಂದೇ ಥರ ಬೂದು ಕಂದು ಬಣ್ಣ, ಎಣ್ಣೆ ಪಸೆ ಇಲ್ಲ. ಮೌಂಟ್ ಸರಿ ಇದೆ ಅಂದ್ರು. ಮತ್ತೆ ಮೌಂಟ್ ಹೋದ್ರೆ ಮುಳ್ಳು ಇಳಿಯಲ್ಲ ಅಲ್ವಾ?

ಹುಬ್ಬಳ್ಳಿ ಹಳೇ ಮಿಸ್ತ್ರಿ:
ಏನ್ರೀ ಇಷ್ಟಕ್ಕ ಇಷ್ಟೊಂದ್ ತಲಿ ಕೆಡಿಸ್ಕೊಂಡೀರಿ. ಲೈಟ್ ಮಂಕ್ ಆಗ್ತೈತಿ ಅಂದ್ರ ಡೈನಮೋ ಚಾರ್ಜ್ ಕೊಡವಲ್ದು. ಗಾಡಿ ಚಾಲೂ ಇಟ್ಟು ಬ್ಯಾಟರಿದೊಂದು ವಾಯರ್ ತಗೀರಿ, ಗಾಡಿ ಬಂದ್ ಆತಂದ್ರ ಡೈನಮೋ ಹೋಗೇತಿ, ಚಾಲೂ ಉಳಿತಂದ್ರ ಬ್ಯಾಟರಿ ಹೋಗೇತಿ. ಮುಗೀತು. ನಾವ್ ಮೊದಲಿಂದ ಹಿಂಗ ನೋಡ್ಕೊಂತ ಬಂದೇವಿ.

ವೋಲ್ಟ್ ಮೀಟರ್:
ಮಿಸ್ತ್ರಿಗಳೇ ಬೇಜಾರು ಮಾಡ್ಕೋಬೇಡಿ, ಆದ್ರೆ ಇದನ್ನ ಓದಿ ಯಾರೂ ಮನೇಲಿ ಮಾಡ್ಬಾರ್ದು ಅಂತ ದಪ್ಪ ಅಕ್ಷರದಲ್ಲಿ ಹೇಳ್ತೀನಿ. ಓಡ್ತಿರೋ ಗಾಡೀಲಿ ಬ್ಯಾಟರಿ ಕಳಚಿದ್ರೆ ಆಲ್ಟರ್ನೇಟರ್ (ನೀವು ಡೈನಮೋ ಅಂದಿದ್ದು) ಕೊಡ್ತಿದ್ದ ಕರೆಂಟಿಗೆ ಹೋಗೋಕೆ ಜಾಗ ಇರಲ್ಲ, ರೆಗ್ಯುಲೇಟರ್ ಎಚ್ಚೆತ್ಕೊಳ್ಳೋ ಮುಂಚೆ ವೋಲ್ಟೇಜ್ ಹತ್ತಾರು ವೋಲ್ಟ್ ಮೇಲಕ್ಕೆ ಜಿಗಿಯುತ್ತೆ. ಅಂಬಾಸಿಡರ್ ಪದ್ಮಿನಿ ಕಾಲದಲ್ಲಿ ಸುಡೋಕೆ ಏನಿತ್ತು, ಒಂದೆರಡು ಬಲ್ಬು. ಈಗ ಇಸಿಯು (ಇಂಜಿನ್ ನಡೆಸೋ ಕಂಪ್ಯೂಟರ್), ಏರ್‌ಬ್ಯಾಗ್, ಎಬಿಎಸ್, ಸ್ಟೀರಿಯೋ ಎಲ್ಲಾ ಅದೇ ಲೈನಲ್ಲಿ ಕೂತಿರುತ್ತೆ.

ತುಂಗಾತೀರ ಅವರೇ, ನಿಮ್ಮ ವಿವರಣೇಲಿ ಒಂದು ಮಾತು ಬಹಳ ಮುಖ್ಯ. ಲೋಡ್ ಬಿದ್ದಾಗ ಮಾತ್ರ ನಡುಗುತ್ತೆ, ಜೊತೆಗೆ ಲೈಟೂ ಮಂಕಾಗುತ್ತೆ. ಇಂಜೆಕ್ಟರ್ ಕಟ್ಕೊಂಡಿದ್ರೆ ಹೆಡ್‌ಲೈಟ್ ಇಷ್ಟು ಮಂಕಾಗೋಕೆ ಕಾರಣ ಇಲ್ಲ. ಹಾಗಾಗಿ ಮೊದ್ಲು ಕರೆಂಟ್ ಕಡೆ ಮುಗಿಸಿ, ಆಮೇಲೆ ಗಾಳಿ, ಪೆಟ್ರೋಲ್. 400-500 ರೂಪಾಯಿ ಮಲ್ಟಿಮೀಟರ್ ಸಾಕು, 20 ವೋಲ್ಟ್ ಡಿಸಿ ರೇಂಜಿಗೆ ಇಡಿ.

ರಾತ್ರಿ ಇಡೀ ನಿಂತ ಗಾಡೀಲಿ ಬೆಳಿಗ್ಗೆ ಬ್ಯಾಟರಿ ವೋಲ್ಟೇಜ್ ನೋಡಿ. 12.6 ಅಂದ್ರೆ ಫುಲ್, 12.4 ಅಂದ್ರೆ ಮುಕ್ಕಾಲು, 12.2 ಅಂದ್ರೆ ಅರ್ಧ, 12ಕ್ಕೆ ಇಳಿದಿದ್ರೆ ಹತ್ರಹತ್ರ ಖಾಲಿ. ಆಮೇಲೆ ಒಬ್ರಿಗೆ ಸೆಲ್ಫ್ ಹೊಡೆಯೋಕೆ ಹೇಳಿ ಮೀಟರ್ ನೋಡಿ, 9.6ಕ್ಕಿಂತ ಕೆಳಗೆ ಹೋಗ್ಬಾರ್ದು. ಸ್ಟಾರ್ಟ್ ಆದ್ಮೇಲೆ 13.8ರಿಂದ 14.5ರ ಒಳಗೆ ಇರ್ಬೇಕು.

ಇಷ್ಟು ಎಲ್ರೂ ನೋಡ್ತಾರೆ. ಯಾರೂ ನೋಡದೇ ಇರೋದು ಮುಂದಿಂದು. ಇಂಜಿನ್ ಐಡಲ್‌ನಲ್ಲಿ ಇರ್ಲಿ, ಹೆಡ್‌ಲೈಟ್, ಬ್ಲೋವರ್ ಫುಲ್, ಹಿಂದಿನ ಗಾಜಿನ ಡಿಫಾಗರ್ ಎಲ್ಲಾ ಆನ್ ಮಾಡಿ. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್‌ನ ಸೀಸದ ಕಂಬದ ಮೇಲೇ ಇಡಿ, ಅದನ್ನ ಹಿಡಿದಿರೋ ವೈರಿನ ಕ್ಲಾಂಪ್ ಮೇಲಲ್ಲ. ಇನ್ನೊಂದು ಕಡ್ಡಿ ಮೊದ್ಲು ಕ್ಲಾಂಪ್‌ಗೆ, ಆಮೇಲೆ ಇಂಜಿನ್‌ನ ಪೇಂಟ್ ಇಲ್ಲದ ಲೋಹಕ್ಕೆ, ಆಮೇಲೆ ಬಾಡಿಯ ಯಾವುದಾದ್ರೂ ಬೋಲ್ಟ್‌ಗೆ. ಮೂರೂ ಕಡೆ ಸೊನ್ನೆ ಹತ್ರ ಬರ್ಬೇಕು, ಕ್ಲಾಂಪಲ್ಲಿ 0.1, ಉಳಿದ ಕಡೆ 0.2 ದಾಟಿದ್ರೆ ಆ ದಾರೀಲಿ ಎಲ್ಲೋ ಕಚ್ಚಿಕೊಂಡಿಲ್ಲ ಅಂತ ಅರ್ಥ. ಪಾಸಿಟಿವ್ ಕಡೇನೂ ಹೀಗೇ, ಸೆಲ್ಫ್ ಹೊಡೆಯೋವಾಗ ಕಂಬದಿಂದ ಸ್ಟಾರ್ಟರ್ ಮೋಟರ್ ದಪ್ಪ ವೈರಿನ ತನಕ ಅರ್ಧ ವೋಲ್ಟ್ ಒಳಗಿದ್ರೆ ಪರವಾಗಿಲ್ಲ. ಕಡ್ಡಿ ಹಿಡಿದ ಕೈ, ಮೀಟರ್ ವೈರು ಫ್ಯಾನ್ ಬೆಲ್ಟಿಗೆ ಸಿಗದ ಹಾಗೆ ನೋಡ್ಕೊಳ್ಳಿ.

ಹುಬ್ಬಳ್ಳಿ ಹಳೇ ಮಿಸ್ತ್ರಿ:
ಸಾಹೇಬ್ರ ಮೀಟರ್ ಇಲ್ದ ಕಾಲದಾಗ ನಾವ್ ಗಾಡಿ ನಡಸೇವಿ. ಇರ್ಲಿ, ಹೊಸಾ ಗಾಡ್ಯಾಗ ಇಸಿಯು ಹೋದ್ರ ಹತ್ತಿಪ್ಪತ್ ಸಾವ್ರ ಮ್ಯಾಲ ಹೊಡೀತೈತಿ, ಅದನ್ನ ನಾನೂ ಒಪ್ತೇನಿ. ಆದ್ರ ಡೈನಮೋದಾಗ ಎಸಿ ಕರೆಂಟ್ ಡಿಸಿ ಮಾಡೂ ಡಯೋಡ್ ಹೋಗಿದ್ರ ನಿಮ್ಮ ಮೀಟರ್‌ದಾಗ 14 ತೋರಸ್ತೈತಿ, ಗಾಡಿ ಮಾತ್ರ ಮಿಸ್ ಹೊಡೀತೈತಿ. ಅದಕ್ಕೇನಂತೀರಿ?

ವೋಲ್ಟ್ ಮೀಟರ್:
ಬಹಳ ಒಳ್ಳೆ ಪಾಯಿಂಟ್ ಮಿಸ್ತ್ರಿಗಳೇ. ಡಯೋಡ್ ಒಂದು ಹೋಗಿದ್ರೆ ಸರಾಸರಿ ವೋಲ್ಟೇಜ್ ಸರಿ ಕಾಣುತ್ತೆ, ಒಳಗೆ ಅಲೆ ಬೆರೆತಿರುತ್ತೆ, ಆ ಅಲೇನ ಸೆನ್ಸರುಗಳು ಸಿಗ್ನಲ್ ಅಂತ ತಿಳ್ಕೊಂಡು ಇಸಿಯು ತಲೆ ಕೆಡಿಸ್ತವೆ. ಮೀಟರ್ ಎಸಿ ವೋಲ್ಟ್‌ಗೆ ತಿರುಗಿಸಿ, ಇಂಜಿನ್ ಓಡ್ತಿರೋವಾಗ ಬ್ಯಾಟರಿ ಎರಡು ಕಂಬದ ಮೇಲೆ ಇಟ್ರೆ ಗೊತ್ತಾಗುತ್ತೆ, 0.5 ವೋಲ್ಟ್ ದಾಟಿದ್ರೆ ಆಲ್ಟರ್ನೇಟರ್ ಬಿಚ್ಚಿಸ್ಬೇಕು. ಅಗ್ಗದ ಕೆಲವು ಮೀಟರ್ ಎಸಿ ರೇಂಜಲ್ಲಿ ಡಿಸಿಗೂ ಏನೋ ಒಂದು ಸುಳ್ಳು ನಂಬರ್ ತೋರಿಸ್ತವೆ, ಇಂಜಿನ್ ಬಂದ್ ಇದ್ದಾಗ ಒಮ್ಮೆ ಇಟ್ಟು ಸೊನ್ನೆ ಬರುತ್ತಾ ನೋಡ್ಕೊಳ್ಳಿ.

ತುಂಗಾತೀರ:
ಮೀಟರ್ ತಂದೆ. ಬೆಳಿಗ್ಗೆ 12.58. ಸೆಲ್ಫ್ ಹೊಡೆಯೋವಾಗ 10.4. ಐಡಲ್‌ನಲ್ಲಿ ಬ್ಯಾಟರಿ ಮೇಲೆ 14.1, ಎಲ್ಲಾ ಆನ್ ಮಾಡಿದ್ರೆ 13.6. ಎಸಿ ರೇಂಜಲ್ಲಿ 0.03. ಈಗ ಆ ಕಂಬದ ಲೆಕ್ಕ: ಕ್ಲಾಂಪ್‌ಗೆ 0.04, ಇಂಜಿನ್‌ಗೆ 0.06, ಬಾಡಿಗೆ 0.92! ರೇಡಿಯೇಟರ್ ಫ್ಯಾನ್ ಶುರು ಆದಾಗ 1.2 ಆಯ್ತು, ಅದೇ ಕ್ಷಣಕ್ಕೆ ಗಾಡಿ ನಡುಗ್ತು. ಕಡ್ಡಿ ಸರಿಯಾಗಿ ಇಟ್ಟಿಲ್ವೇನೋ ಅಂತ ಬೇರೆ ಬೇರೆ ಬೋಲ್ಟ್‌ಗೆ ಇಟ್ಟು ನೋಡ್ದೆ, ಅಷ್ಟೇ ಬರುತ್ತೆ.

ವೋಲ್ಟ್ ಮೀಟರ್:
ಸಿಕ್ತು. ನಿಮ್ಮ ಬ್ಯಾಟರಿ ಚೆನ್ನಾಗಿದೆ, ಆಲ್ಟರ್ನೇಟರ್ ಚೆನ್ನಾಗಿದೆ, ಒಂದು ರೂಪಾಯಿ ಅದಕ್ಕೆ ಖರ್ಚು ಮಾಡ್ಬೇಡಿ. ಹೋಗಿರೋದು ಬಾಡಿ ಅರ್ತ್.

ಬ್ಯಾಟರಿ ನೆಗೆಟಿವ್ ಕ್ಲಾಂಪ್‌ನಿಂದ ಸಾಮಾನ್ಯವಾಗಿ ಎರಡು ಕವಲು ಹೋಗುತ್ತೆ. ದಪ್ಪದ್ದು ಗೇರ್‌ಬಾಕ್ಸ್ ಅಥವಾ ಇಂಜಿನ್‌ಗೆ, ಅದು ಸ್ಟಾರ್ಟರ್ ಮೋಟರಿನ ದಾರಿ, ನಿಮ್ಮಲ್ಲಿ ಅದು ಸರಿ ಇರೋದ್ರಿಂದಲೇ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗ್ತಿರೋದು. ಸಣ್ಣದು ಬ್ಯಾಟರಿ ಪಕ್ಕದಲ್ಲೋ ಟ್ರೇ ಕೆಳಗೋ ಬಾಡಿ ತಗಡಿಗೆ ಒಂದು ಬೋಲ್ಟಲ್ಲಿ ಕೂತಿರುತ್ತೆ. ಲೈಟು, ಬ್ಲೋವರ್, ಫ್ಯಾನ್, ವೈಪರ್ ಇವೆಲ್ಲದರ ಕರೆಂಟ್ ವಾಪಸ್ ಬರೋದು ಬಾಡಿ ಮೂಲಕ, ಅಷ್ಟೂ ಆ ಒಂದು ಬೋಲ್ಟ್ ಮೇಲೆ. ಅದು ತುಕ್ಕು ಹಿಡಿದಿದೆ. ಹೆಡ್‌ಲೈಟಿಗೆ ಸಿಗ್ತಿರೋದು 13.6 ಅಲ್ಲ, 12.7ಕ್ಕಿಂತ ಕಮ್ಮಿ.

ಐಡಲ್ ಯಾಕೆ ಕೆಡುತ್ತೆ ಅಂದ್ರೆ, ಇಸಿಯು ನೆಗೆಟಿವ್ ಕೆಲವು ಗಾಡೀಲಿ ಇಂಜಿನ್‌ಗೆ ಹೋಗುತ್ತೆ, ಕೆಲವದರಲ್ಲಿ ಬಾಡಿಗೆ. ನಿಮ್ದು ಬಾಡಿಗೆ ಇರ್ಬೇಕು, ಫ್ಯಾನ್ ಆನ್ ಆದ ಕ್ಷಣಕ್ಕೇ ನಡುಗಿತು ಅಂದ್ರಲ್ಲ. ಸೆನ್ಸರ್ ಎಲ್ಲಾ ಮಾತಾಡೋದು 0ಯಿಂದ 5 ವೋಲ್ಟ್ ಒಳಗೆ, ಇಂಜಿನ್ ಮೈಯಿಂದಲೇ ಅರ್ತ್ ತಗೊಳ್ಳೋ ಸೆನ್ಸರ್ ಒಂದಿದ್ರೂ ಅದಕ್ಕೂ ಇಸಿಯುಗೂ ಮಧ್ಯೆ ಒಂದು ವೋಲ್ಟ್ ವ್ಯತ್ಯಾಸ ಬಂದ್ರೆ ಅದು ಹೇಳೋದೇ ಒಂದು ಇದು ಕೇಳಿಸ್ಕೊಳ್ಳೋದೇ ಇನ್ನೊಂದು. ಇಂಜೆಕ್ಟರಂತೂ ವೋಲ್ಟೇಜ್ ಕಮ್ಮಿ ಆದಷ್ಟೂ ನಿಧಾನ ತೆರೆಯುತ್ತೆ. ಅದನ್ನ ಸರಿದೂಗಿಸೋಕೆ ಇಸಿಯು ಒಳಗೆ ಲೆಕ್ಕ ಇದೆ, ಆದ್ರೆ ಅದು ತನಗೆ ಕಾಣೋ ವೋಲ್ಟೇಜ್ ಮೇಲೆ ಮಾಡೋ ಲೆಕ್ಕ, ಇಂಜೆಕ್ಟರಿಗೆ ನಿಜವಾಗಿ ಸಿಗೋದರ ಮೇಲಲ್ಲ. ರೇಸ್ ಕೊಟ್ಟಾಗ ಇದೆಲ್ಲಾ ಮುಚ್ಚಿಹೋಗುತ್ತೆ, ಐಡಲ್‌ನಲ್ಲಿ ಇಂಜಿನ್‌ಗೆ ಮಿಗತೆ ಶಕ್ತೀನೇ ಇಲ್ವಲ್ಲ, ಸಣ್ಣ ತಪ್ಪೂ ಕಾಣುತ್ತೆ.

ಸಿಲ್ಕ್ ಬೋರ್ಡ್ ಸಂತ್ರಸ್ತ:
ಅಂದ್ರೆ ಟ್ಯಾಂಕ್ ತುಂಬಾ ನೀರಿದ್ರೂ ನಲ್ಲಿ ಬಾಯಲ್ಲಿ ಕಸ ಕಟ್ಕೊಂಡ ಹಾಗೆ. ಇಷ್ಟಕ್ಕೆ ಬ್ಯಾಟರಿ ಅಂಗಡಿಯವ್ನು ಹೊಸ ಟ್ಯಾಂಕ್ ತಗೊ ಅಂತಿದ್ದ ನೋಡು 😂

ಕುಡ್ಲದ ಉಪ್ಪುಗಾಳಿ:
ನಮ್ಮ ಮಂಗಳೂರಲ್ಲಿ ಇದು ಮಾಮೂಲು ಮಾರಾಯ್ರೆ, ಸಮುದ್ರದ ಗಾಳಿಗೆ ಬಾನೆಟ್ ಒಳಗಿನ ಬೋಲ್ಟ್ ಎಲ್ಲ ಒಂದೇ ಮಳೆಗಾಲಕ್ಕೆ ಕೆಂಪಾಗ್ತದೆ. ಕ್ಲೀನ್ ಮಾಡುವ ಕ್ರಮ ಹೇಳ್ತೇನೆ, ಸುಮಾರು ಜನ ಅರ್ಧ ಮಾಡಿ ಬಿಡ್ತಾರೆ.

ಮೊದಲು ಇಗ್ನಿಷನ್ ಬಂದ್ ಮಾಡಿ ಕೀ ತೆಗೆದು ಕಿಸೆಗೆ ಹಾಕಿ. 10 ನಂಬರ್ ಸ್ಪ್ಯಾನರ್ ಸಾಕು. ಯಾವಾಗಲೂ ನೆಗೆಟಿವ್ ಮೊದಲು ತೆಗೀಬೇಕು, ಹಾಕುವಾಗ ನೆಗೆಟಿವ್ ಕೊನೆಗೆ. ಯಾಕೆ ಕೇಳಿದ್ರೆ, ನೆಗೆಟಿವ್ ಕೂತಿರುವಾಗ ಪಾಸಿಟಿವ್ ಬಿಚ್ಚಲಿಕ್ಕೆ ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದ್ರೆ ನೇರ ಶಾರ್ಟ್, ಸ್ಪ್ಯಾನರ್ ಕೆಂಪಗೆ ಕಾಯ್ತದೆ. ಕೈಗೆ ಉಂಗುರ, ಕಡಗ ಉಂಟಾದ್ರೆ ತೆಗೆದಿಡಿ. ಹತ್ತಿರ ಬೀಡಿ ಸಿಗರೇಟ್ ಬೇಡವೇ ಬೇಡ, ಚಾರ್ಜ್ ಆದ ಬ್ಯಾಟರಿಯಿಂದ ಹೈಡ್ರೋಜನ್ ಬರ್ತದೆ.

ಆ ಬಿಳಿ ಪುಡಿ ಸೀಸದ ಸಲ್ಫೇಟು, ಪಾಸಿಟಿವ್ ಕಡೆ ನೀಲಿ ಹಸಿರು ಇದ್ರೆ ಅದು ತಾಮ್ರದ್ದು. ಬರಿಗೈಯಲ್ಲಿ ಮುಟ್ಟಬೇಡಿ, ಊದಬೇಡಿ, ಕಣ್ಣಿಗೆ ಕನ್ನಡಕ ಇರಲಿ. ಒಂದು ಲೋಟ ಬಿಸಿ ನೀರಿಗೆ ಒಂದು ದೊಡ್ಡ ಚಮಚ ಅಡುಗೆ ಸೋಡಾ ಕಲಸಿ ಹಳೇ ಟೂತ್‌ಬ್ರಶ್‌ನಲ್ಲಿ ಹಚ್ಚಿ, ನೊರೆ ಬರ್ತದೆ, ನೊರೆ ನಿಲ್ಲುವವರೆಗೆ ಹಚ್ಚಬೇಕು. ಬ್ಯಾಟರಿ ಮುಚ್ಚಳ ಎಲ್ಲ ಗಟ್ಟಿ ಹಾಕಿರಬೇಕು ಆಯ್ತಾ, ಸೋಡಾ ನೀರು ಒಳಗೆ ಹೋದ್ರೆ ಆಸಿಡ್ ಹಾಳು. ಆಮೇಲೆ ಬರೀ ನೀರಲ್ಲಿ ತೊಳೆದು ಒಣ ಬಟ್ಟೆ. ಕಂಬ ಮತ್ತು ಕ್ಲಾಂಪಿನ ಒಳಮೈ ಎಮರಿ ಪೇಪರಿನಲ್ಲಿ ಸೀಸ ಹೊಳೆಯುವಷ್ಟು ಉಜ್ಜಿ, ಹೆಚ್ಚು ಉಜ್ಜಿ ಕಂಬ ಸಪೂರ ಮಾಡಬೇಡಿ. ಕ್ಲಾಂಪ್ ತಳದವರೆಗೆ ಕೈಯಲ್ಲಿ ಒತ್ತಿ ಕೂರಿಸಿ, ಸುತ್ತಿಗೆ ಬೇಡ, ಬಡಿದ್ರೆ ಕಂಬದ ಬುಡದ ಸೀಲ್ ಬಿಟ್ಟು ಅಲ್ಲಿಂದಲೇ ಆಸಿಡ್ ಜಿನುಗಲಿಕ್ಕೆ ಶುರು. ವ್ಯಾಸಲೀನ್ ಎಲ್ಲ ಬಿಗಿ ಮಾಡಿದ ಮೇಲೆ ಹೊರಗಿಂದ ಸವರುವುದು, ಗಾಳಿ ನೀರು ತಾಗದ ಹಾಗೆ. ಮೊದಲೇ ಬಳಿದು ಅದರ ಮೇಲೆ ಕ್ಲಾಂಪ್ ಹಾಕುವ ಅಗತ್ಯ ಇಲ್ಲ. ಕೆಲವರು ಗೇರಿನ ಗ್ರೀಸನ್ನೇ ಮುದ್ದೆ ಮುದ್ದೆ ಮೆತ್ತುತ್ತಾರೆ, ಧೂಳು ಹಿಡಿದು ಕೆಸರಾಗ್ತದೆ ಅಷ್ಟೇ.

ಅರ್ತ್ ಬೋಲ್ಟಿನಲ್ಲಿ ಬಾಡಿಗೆ ತಾಗುವ ಜಾಗದ ತುಕ್ಕನ್ನೂ ಪೇಂಟನ್ನೂ ಉಜ್ಜಿ ತೆಗೆದು ಹೊಳೆಯುವ ಲೋಹ ಕಾಣಬೇಕು. ಬಿಗಿ ಮಾಡಿದ ನಂತರ ಮೇಲಿಂದ ಪೇಂಟೋ ವ್ಯಾಸಲೀನೋ ಹಚ್ಚಿ. ವೈರಿನ ಲಗ್ (ತುದಿಯ ಲೋಹದ ಬಳೆ) ಹತ್ತಿರ ಬಗ್ಗಿಸಿ ನೋಡಿ, ಒಳಗೆ ತಾಮ್ರ ಹಸಿರು ಹಿಟ್ಟಾಗಿದ್ರೆ ಉಜ್ಜಿ ಪ್ರಯೋಜನ ಇಲ್ಲ, ವೈರೇ ಹೊಸದು ಹಾಕಬೇಕು.

ಹುಬ್ಬಳ್ಳಿ ಹಳೇ ಮಿಸ್ತ್ರಿ:
ಮಂಗಳೂರಿನವ್ರು ಭೇಷ್ ಹೇಳ್ಯಾರ. ಇದಕ್ಕೊಂದ್ ಸೇರಸ್ರಿ, ಟ್ರೇದಾಗ ಬ್ಯಾಟರಿ ಅಳ್ಳಾಡಬಾರ್ದು. ಪಟ್ಟಿ ಬಿಗೀ ಇಲ್ದ ಗಾಡಿ ಕಲ್ಲು ದಾರ್ಯಾಗ ಹೊಡದ್ರ ಒಳಗಿನ ಪ್ಲೇಟ್ ಉದುರತಾವು. ಮತ್ತ ನೀರ್ ಹಾಕೋದು ಪ್ಲೇಟ್ ಮುಳುಗೂ ಮಟ, ಗುರ್ತಿನ ಗೆರಿ ತನಕ, ಗೆರಿ ದಾಟಿ ತುಂಬ್ಸಿದ್ರ ಬಿಸಲಾಗ ಉಕ್ಕಿ ಹೊರಗ ಬರ್ತೈತಿ. ಡಿಸ್ಟಿಲ್ಡ್ ನೀರ ಹಾಕ್ರಿ. ಬೋರಿನ ನೀರು, ಬಿಸ್ಲೇರಿ ಯಾವ್ದೂ ಬ್ಯಾಡ. ಆಸಿಡ್ ಅಂತೂ ಹಾಕಾಕ ಹೋಗಬ್ಯಾಡ್ರಿ, ಆವಿ ಆಗಿ ಹೋಗೋದು ನೀರ, ಆಸಿಡ್ ಅಲ್ಲ.

ತುಂಗಾತೀರ:
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಬ್ಯಾಟರಿ ಎತ್ತಿ ಟ್ರೇ ತೆಗೆದ್ರೆ ಕೆಳಗೆ ದೃಶ್ಯವೇ ಬೇರೆ. ಸರ್ವಿಸ್‌ನಲ್ಲಿ ಮಿಸ್ತ್ರಿಗಳು ಹೇಳಿದ ಹಾಗೇ ಗೆರೆ ದಾಟಿ ನೀರು ತುಂಬಿಸಿದ್ರು ಅನ್ಸುತ್ತೆ, ಆಸಿಡ್ ಇಳಿದು ಇಳಿದು ಟ್ರೇ ಕೆಳಗಿನ ತಗಡಿನ ಪೇಂಟ್ ಎದ್ದು ಅರ್ತ್ ಬೋಲ್ಟ್ ತುಕ್ಕಿನ ಗಡ್ಡೆ ಆಗಿತ್ತು. ಬೋಲ್ಟ್ ಬಿಚ್ಚೋಕೇ ಡಬ್ಲ್ಯೂಡಿ 40 (ತುಕ್ಕು ಬಿಡಿಸೋ ಸ್ಪ್ರೇ) ಹೊಡೆದು ರಾತ್ರಿ ಬಿಡ್ಬೇಕಾಯ್ತು. ಸೋಡಾ ಹಾಕಿ ತೊಳೆದು, ಉಜ್ಜಿ, ಹೊಸ ಬೋಲ್ಟ್, ವೈರಿನ ತುದಿಗೆ ಹೊಸ ಲಗ್ ಆಟೋ ಎಲೆಕ್ಟ್ರಿಷಿಯನ್ ಹತ್ರ ಒತ್ತಿಸಿ ಹಾಕ್ದೆ. ಈಗ ಬಾಡಿ ಲೆಕ್ಕ 0.05. ಹೆಡ್‌ಲೈಟ್ ಬಿಳಿಯಾಗಿದೆ, ಬ್ಲೋವರ್ ಸೌಂಡೇ ಬದಲಾಗಿದೆ, ಫ್ಯಾನ್ ಆನ್ ಆದ್ರೂ ಮುಳ್ಳು ಇಳಿಯಲ್ಲ.

ಆದ್ರೆ ಪೂರ್ತಿ ಸರಿ ಆಗಿಲ್ಲ. ಲೋಡ್ ಏನೂ ಇಲ್ದೇ ಇದ್ರೂ ಮುಳ್ಳು 700ರಿಂದ 850ರ ಮಧ್ಯೆ ಮೇಲೆ ಕೆಳಗೆ ಆಡುತ್ತೆ, ಸಣ್ಣಗೆ ಉಸಿರು ಎಳ್ಕೊಂಡ ಹಾಗೆ. ಇದು ಮೊದ್ಲೇ ಇತ್ತಾ ಅಥವಾ ಬ್ಯಾಟರಿ ಬಿಚ್ಚಿದ್ದಕ್ಕೆ ಬಂತಾ ಗೊತ್ತಿಲ್ಲ.

ಓಬಿಡಿ ಹುಚ್ಚ:
ಬ್ಯಾಟರಿ ಬಿಚ್ಚಿದ್ರೆ ಇಸಿಯು ಕಲಿತಿದ್ದೆಲ್ಲಾ ಮರೆತಿರುತ್ತೆ. ಥ್ರಾಟಲ್‌ನಲ್ಲಿ ಎಷ್ಟು ಸಂದು ಬಿಟ್ರೆ 750 ನಿಲ್ಲುತ್ತೆ ಅನ್ನೋದನ್ನ ಅದು ಮತ್ತೆ ಕಲೀಬೇಕು. ಲೋಡ್ ಎಲ್ಲಾ ಆಫ್ ಮಾಡಿ ಸ್ಟಾರ್ಟ್ ಮಾಡಿ, ರೇಸ್ ಮುಟ್ಟದೆ ಫ್ಯಾನ್ ಬರೋ ತನಕ ಬಿಡಿ, ಆಮೇಲೆ ಎಸಿ ಹಾಕಿ ಸ್ವಲ್ಪ ಹೊತ್ತು, ಆಮೇಲೆ ಊರಲ್ಲಿ ಒಂದು ರೌಂಡು. ಕೆಲವು ಗಾಡಿಗೆ ಸ್ಕ್ಯಾನರ್‌ನಿಂದ ಕಲಿಸ್ಬೇಕಾಗುತ್ತೆ. ಆಟೋ ಪವರ್ ವಿಂಡೋ ಇದ್ರೆ ಅದೂ ಮರೆತಿರುತ್ತೆ, ಗಾಜು ಪೂರ್ತಿ ಏರಿಸಿ ಸ್ವಿಚ್ ಎರಡು ಸೆಕೆಂಡ್ ಹಿಡಿದ್ರೆ ಬಹಳ ಗಾಡೀಲಿ ಸರಿ ಹೋಗುತ್ತೆ.

ಅದಾದ್ಮೇಲೂ ಆಡ್ತಿದ್ರೆ ಬ್ಲೂಟೂತ್ ಓಬಿಡಿ ಸ್ಕ್ಯಾನರ್ ತಗೊಳ್ಳಿ, ಇಸಿಯು ಬರೆದಿಟ್ಟ ದೋಷದ ಕೋಡ್ ಓದೋ ಸಾಧನ ಅದು. ಬಿಎಸ್ 4 (ಹೊಗೆ ಮಾಲಿನ್ಯದ ನಿಯಮ) ಕಾರುಗಳಿಗೆ 2013ರ ಏಪ್ರಿಲ್‌ನಿಂದ ಓಬಿಡಿ 2 ಬಂದಿದೆ, ನಿಮ್ದು 2014, ಸ್ಟೇರಿಂಗ್ ಕೆಳಗೆ ಪೋರ್ಟ್ ಇರುತ್ತೆ. ಚೆಕ್ ಲೈಟ್ ಬರದಿದ್ರೂ ಪೆಂಡಿಂಗ್ ಕೋಡ್ ಇರಬಹುದು. ಕೋಡ್‌ಗಿಂತ ಮುಖ್ಯ ಫ್ಯೂಯೆಲ್ ಟ್ರಿಮ್, ಅಂದ್ರೆ ಇಸಿಯು ಪೆಟ್ರೋಲನ್ನ ಎಷ್ಟು ಪರ್ಸೆಂಟ್ ಹೆಚ್ಚು ಕಮ್ಮಿ ಮಾಡ್ತಿದೆ ಅನ್ನೋದು, ಶಾರ್ಟ್ ಮತ್ತೆ ಲಾಂಗ್ ಎರಡೂ ಕೂಡಿಸಿ. ಐಡಲ್‌ನಲ್ಲಿ ಎಷ್ಟು, 2500ರಲ್ಲಿ ಹಿಡಿದಾಗ ಎಷ್ಟು ಅಂತ ಬರೆದು ಹಾಕಿ.

ತುಂಗಾತೀರ:
ಮರುಕಲಿಕೆ ಮಾಡಿದೆ, ಮುಳ್ಳಿನ ಆಟ ಕಮ್ಮಿ ಆಯ್ತು, ಹೋಗ್ಲಿಲ್ಲ. ಸ್ನೇಹಿತನ ಸ್ಕ್ಯಾನರ್ ಹಾಕ್ದೆ. ಪೆಂಡಿಂಗ್‌ನಲ್ಲಿ ಪಿ 0171 (ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅನ್ನೋ ಕೋಡ್) ಇದೆ. ಐಡಲ್‌ನಲ್ಲಿ ಎರಡೂ ಸೇರಿ ಪ್ಲಸ್ 19, 2500ರಲ್ಲಿ ಪ್ಲಸ್ 5.

ಮೈಸೂರ್ ಮಲ್ಲಿಗೆ ಬಡಾವಣೆ:
19 ಅಂದ್ರೆ ಇ20 ಪೆಟ್ರೋಲ್ (20 ಪರ್ಸೆಂಟ್ ಎಥನಾಲ್ ಬೆರೆಸಿದ್ದು) ಪ್ರಭಾವ ಅಲ್ವಾ? 2023ರ ಫೆಬ್ರವರೀಲಿ ಬೆಂಗಳೂರಲ್ಲೇ ಅದಕ್ಕೆ ಚಾಲನೆ ಕೊಟ್ರಲ್ಲ, ಅವತ್ತಿಂದ ನಮ್ಮ ಗಾಡಿ ಮೈಲೇಜೂ ಇಲ್ಲ ಪಿಕಪ್ಪೂ ಇಲ್ಲ. ಎಲ್ಲಾ ಹಳೇ ಗಾಡಿಗೂ ಇದೇ ಗತಿ.

ಓಬಿಡಿ ಹುಚ್ಚ:
ಇ20ಯಿಂದ ಟ್ರಿಮ್ ಪ್ಲಸ್ ಕಡೆ ಹೋಗೋದು ನಿಜ. ಬರೀ ಪೆಟ್ರೋಲ್ ಸರಿಯಾಗಿ ಉರಿಯೋಕೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಎಥನಾಲ್‌ಗೆ 9 ಸಾಕು, 20 ಪರ್ಸೆಂಟ್ ಬೆರೆಸಿದ್ರೆ ಲೆಕ್ಕ 13.5ರ ಹತ್ರ ಬರುತ್ತೆ. ಅಷ್ಟೇ ಗಾಳಿಗೆ ಜಾಸ್ತಿ ಪೆಟ್ರೋಲ್ ಹೊಡೀಬೇಕಾಗುತ್ತೆ, ಅದನ್ನ ಇಸಿಯು ಆಕ್ಸಿಜನ್ ಸೆನ್ಸರ್ ನೋಡಿ ತಾನೇ ಸೇರಿಸ್ಕೊಳ್ಳುತ್ತೆ. ಆದ್ರೆ ಅದು ಎಲ್ಲಾ ಸ್ಪೀಡಲ್ಲೂ ಹತ್ರಹತ್ರ ಒಂದೇ ಇರುತ್ತೆ. ಇವರ 2500ರ ಪ್ಲಸ್ 5 ಇದೆಯಲ್ಲ ಅದು ಇ20 ಲೆಕ್ಕಕ್ಕೆ ಬರಬಹುದು. ಐಡಲ್‌ನಲ್ಲಿ ಮಾತ್ರ 19ಕ್ಕೆ ಏರ್ತಿದೆ ಅಂದ್ರೆ ಎಲ್ಲೋ ಕಳ್ಳ ಗಾಳಿ ಒಳಗೆ ಹೋಗ್ತಿದೆ. ಐಡಲ್‌ನಲ್ಲಿ ಇಂಜಿನ್ ಎಳೆಯೋ ಗಾಳಿಯೇ ಕಮ್ಮಿ, ಹೊರಗಡೆ ಒತ್ತಡಕ್ಕೂ ಮ್ಯಾನಿಫೋಲ್ಡ್ (ಸಿಲಿಂಡರಿಗೆ ಗಾಳಿ ಹಂಚೋ ಪೈಪು) ಒಳಗಿನದಕ್ಕೂ ವ್ಯತ್ಯಾಸ ಜಾಸ್ತಿ, ಸಣ್ಣ ತೂತಿನ ಪಾಲು ದೊಡ್ಡದಾಗುತ್ತೆ. ರೇಸ್ ಕೊಟ್ರೆ ಅದೇ ತೂತು ಲೆಕ್ಕಕ್ಕಿಲ್ಲ.

ಒಂದು ಎಚ್ಚರ. ಈ ಟ್ರಿಮ್ ಲೆಕ್ಕ ಏರ್ ಫಿಲ್ಟರ್ ದಾಟಿದ ತಕ್ಷಣ ಪೈಪಲ್ಲಿ ಗಾಳಿ ಅಳೆಯೋ ಸೆನ್ಸರ್ ಇರೋ ಗಾಡಿಗೆ ಸರಿ. ಕೆಲವದರಲ್ಲಿ ಅದಿಲ್ಲ, ಮ್ಯಾನಿಫೋಲ್ಡ್ ಒಳಗಿನ ಒತ್ತಡ ನೋಡಿ ಗಾಳಿ ಅಂದಾಜು ಮಾಡುತ್ತೆ, ಅಂಥದ್ರಲ್ಲಿ ಲೀಕ್ ಆದ್ರೆ ಟ್ರಿಮ್ ಅಷ್ಟಾಗಿ ಏರಲ್ಲ, ಬದಲು ಐಡಲ್ಲೇ ಜಾಸ್ತಿ ಆಗಿ ಪಿ 0507 ಬರೋದು ಹೆಚ್ಚು. ಜನ ಒಂದರ ವಿಡಿಯೋ ನೋಡಿ ಇನ್ನೊಂದಕ್ಕೆ ಅಪ್ಲೈ ಮಾಡ್ತಾರೆ.

ಕಾಫಿ ತೋಟದ ಜೀಪು:
ಮಲೆನಾಡಲ್ಲಿ ಗಾಡಿ ಇಟ್ಕೊಂಡು ಇಲೀನ ಮರೆತುಬಿಟ್ರೆ ಹೇಗೆ. ಮಳೆಗಾಲದಲ್ಲಿ ಬೆಚ್ಚಗಿರುತ್ತೆ ಅಂತ ಬಾನೆಟ್ ಒಳಗೇ ಸಂಸಾರ ಮಾಡ್ತವೆ, ಸಣ್ಣ ರಬ್ಬರ್ ಹೋಸ್ ಕಚ್ಚಿ ಹಾಕಿರ್ತವೆ. ಊದುಬತ್ತಿ ಹಚ್ಚಿ ಹೋಸುಗಳ ಹತ್ರ ನಿಧಾನಕ್ಕೆ ಓಡಾಡಿಸಿ, ಲೀಕ್ ಇದ್ದ ಕಡೆ ಹೊಗೆ ಸೀದಾ ಒಳಗೆ ಎಳ್ಕೊಳುತ್ತೆ.

ವೋಲ್ಟ್ ಮೀಟರ್:
ಊದುಬತ್ತಿ ಕೆಲಸ ಮಾಡುತ್ತೆ, ಆದ್ರೆ ಪೆಟ್ರೋಲ್ ವಾಸನೆ ಸ್ವಲ್ಪ ಬಂದ್ರೂ ಹಚ್ಚಬೇಡಿ, ಬ್ಯಾಟರಿ ಹತ್ರಕ್ಕೂ ಒಯ್ಯಬೇಡಿ. ಕಾರ್ಬ್ ಕ್ಲೀನರ್ ಸ್ಪ್ರೇ ಹೊಡೆದು ನೋಡೋರೂ ಇದ್ದಾರೆ, ಬಿಸಿ ಸೈಲೆನ್ಸರ್ ಪೈಪಿಗೆ ಬಿದ್ರೆ ಬೆಂಕಿ. ನಾನಾದ್ರೆ ಮೊದ್ಲು ಕೈಯಲ್ಲೇ ಹುಡುಕ್ತೀನಿ. ಇಂಜಿನ್ ತಣ್ಣಗಿದ್ದಾಗ ಒಂದೊಂದೇ ಹೋಸ್ ಬಗ್ಗಿಸಿ ನೋಡಿ, ವಾಲ್ವ್ ಕವರ್‌ನಿಂದ ಮ್ಯಾನಿಫೋಲ್ಡ್‌ಗೆ ಇಂಜಿನ್ ಒಳಗಿನ ಆವಿ ತರೋ ಪಿಸಿವಿ ಹೋಸ್, ಬ್ರೇಕ್ ಬೂಸ್ಟರ್ ಹೋಸ್, ಪೆಟ್ರೋಲ್ ಆವಿಯ ಪರ್ಜ್ ವಾಲ್ವ್ ಹೋಸ್. ಪಿಸಿವಿ ಹೋಸ್ ಎಣ್ಣೆ ಆವಿಗೆ ಮೊದ್ಲು ಮೆತ್ತಗಾಗಿ ಆಮೇಲೆ ಬಿರಿಯುತ್ತೆ, ಅದೂ ಕೆಳಗಿನ ಮಡಿಕೇಲಿ.

ತುಂಗಾತೀರ:
ಪಿಸಿವಿ ಹೋಸ್! ಇಲಿ ಅಲ್ಲ, ವಯಸ್ಸು. ಮೊಣಕೈ ಥರ ಬಗ್ಗಿರೋ ಜಾಗದ ಅಡಿಭಾಗದಲ್ಲಿ ಬಿರುಕು, ಮೇಲಿಂದ ಏನೂ ಕಾಣಲ್ಲ, ಬಗ್ಗಿಸಿದ್ರೆ ಬಾಯಿ ಬಿಡುತ್ತೆ. ಬೆರಳಲ್ಲಿ ಒತ್ತಿ ಹಿಡಿದಾಗ ಇಂಜಿನ್ ಸೌಂಡ್ ಬದಲಾಯ್ತು, ಅಲ್ಲಿಗೆ ಡೌಟ್ ಮುಗೀತು. ಒರಿಜಿನಲ್ ಹೋಸ್ ಆರ್ಡರ್ ಮಾಡಿ ತರಿಸಿ ಹಾಕ್ದೆ, ಇನ್ನೂರು ಚಿಲ್ಲರೆ ಆಯ್ತು. ಈಗ ಐಡಲ್‌ನಲ್ಲಿ ಟ್ರಿಮ್ ಪ್ಲಸ್ 6, ಮುಳ್ಳು 750ರಲ್ಲಿ ನಿಂತಿದೆ, ಎಸಿ ಹಾಕಿದ್ರೆ 850ಕ್ಕೆ ಏರಿ ಅಲ್ಲೇ ಇರುತ್ತೆ. ಥ್ರಾಟಲ್ ಕ್ಲೀನ್ ಮಾಡಿದಾಗ ಸ್ವಲ್ಪ ದಿನ ಸರಿ ಅನ್ಸಿದ್ದು ಯಾಕೆ ಹಾಗಾದ್ರೆ?

ಓಬಿಡಿ ಹುಚ್ಚ:
ಅವಾಗ ಬ್ಯಾಟರಿ ಬಿಚ್ಚಿ ಕೆಲಸ ಮಾಡಿರ್ತಾರೆ, ಟ್ರಿಮ್ ಎಲ್ಲಾ ಸೊನ್ನೆಗೆ ಬಂದಿರುತ್ತೆ, ಕ್ಲಾಂಪ್ ಅರ್ತ್ ಬೋಲ್ಟ್ ಅಲ್ಲಾಡಿ ಸ್ವಲ್ಪ ಹೊಸದಾಗಿ ಕಚ್ಚಿಕೊಂಡಿರುತ್ತೆ. ಬಿಚ್ಚಿ ಹಾಕಿದ್ದಕ್ಕೇ ಸರಿ ಆದ ಗಾಡಿ ಅರ್ಧ ಗ್ಯಾರೇಜಲ್ಲಿ ಸಿಗ್ತವೆ, ಹೆಸರು ಮಾತ್ರ ಕ್ಲೀನಿಂಗ್ ಲಿಕ್ವಿಡ್‌ಗೆ.

ಹೊಸ ಲೈಸೆನ್ಸ್:
ಎಲ್ಲಾ ಓದ್ದೆ, ನಂದೂ ಐಡಲ್‌ನಲ್ಲಿ ನಡುಗುತ್ತೆ ಸಾರ್, 1.0 ಲೀಟರ್ ಸೆಕೆಂಡ್ ಹ್ಯಾಂಡ್ ಗಾಡಿ, ತಗೊಂಡಾಗಿಂದ್ಲೂ ಹಾಗೇ ಇದೆ. ಲೈಟ್ ಮಂಕಾಗಲ್ಲ, ಮುಳ್ಳು ಅಲ್ಲಾಡಲ್ಲ. ನಾನೂ ಅರ್ತ್ ನೋಡ್ಬೇಕಾ?

ಹುಬ್ಬಳ್ಳಿ ಹಳೇ ಮಿಸ್ತ್ರಿ:
ತಮ್ಮಾ, ನಿಂದು ಮೂರು ಸಿಲಿಂಡರ್ ಇರ್ಬೇಕು ನೋಡು. ಅದು ಹುಟ್ಟಾ ನಡಗೂದ. ಮುಳ್ಳ ಅಳ್ಳಾಡ್ದ ಒಂದ ಸಮ ನಡಗಿದ್ರ ಏನ್ ಮಾಡಾಕೂ ಹೋಗಬ್ಯಾಡ, ಭಾಳ ಅನಸಿದ್ರ ಮೌಂಟ್ ನೋಡ್ಸು. ನಡುನಡುವ ತಪ್ಪಿ ತಪ್ಪಿ ಬಡದಂಗಾದ್ರ ಅದು ಮಿಸ್ಸಿಂಗು. ಅವಾಗ ಕಾಯಿಲ್ ಅದಲ ಬದಲ್ ಮಾಡಿ ನೋಡು, ಎರಡನೇ ಸಿಲಿಂಡರಿಂದು ಮೂರಕ್ಕ ಹಾಕಿದ್ರ ಕೋಡ್‌ನೂ 0302ರಿಂದ 0303ಕ್ಕ ಹೋತಂದ್ರ ಕಾಯಿಲ್ ಹೋಗೇತಿ ಅಂತ ತಿಳಕೋ.

ಮಿನಿಯಾಪೊಲಿಸ್ ಕನ್ನಡಿಗ:
ಇಲ್ಲಿ ಚಳಿಗಾಲಕ್ಕೆ ಮುಂಚೆ ಈ ಕ್ಲಾಂಪ್ ಕ್ಲೀನಿಂಗ್ ಎಲ್ರೂ ಮಾಡ್ತೀವಿ. ಮೈನಸ್ 18 ಡಿಗ್ರಿ ಹತ್ರ ಬ್ಯಾಟರಿ ಶಕ್ತಿ ಅರ್ಧಕ್ಕಿಂತ ಕೆಳಗಿಳಿಯುತ್ತೆ, ಇಂಜಿನ್ ಆಯಿಲ್ ಗಟ್ಟಿಯಾಗಿರೋದ್ರಿಂದ ಸ್ಟಾರ್ಟರ್‌ಗೆ ಬೇಕಾಗೋದು ಮಾತ್ರ ಜಾಸ್ತಿ. ಖಾಲಿ ಆದ ಬ್ಯಾಟರಿ ಮೈನಸ್ 10ರ ಸುಮಾರಿಗೇ ಒಳಗೆ ಹೆಪ್ಪುಗಟ್ಟುತ್ತೆ, ಫುಲ್ ಚಾರ್ಜ್ ಇದ್ರೆ ಮೈನಸ್ 50ರಲ್ಲೂ ಏನಾಗಲ್ಲ. ಆದ್ರೆ ಬ್ಯಾಟರಿ ಆಯಸ್ಸು ತಿನ್ನೋದು ಚಳಿಗಿಂತ ಸೆಕೆ, ಕಲಬುರಗಿ ರಾಯಚೂರಿನವರಿಗೆ ಗೊತ್ತಿರುತ್ತೆ.

ಮೈಸೂರ್ ಮಲ್ಲಿಗೆ ಬಡಾವಣೆ:
ಒಂದು ಸಣ್ಣ ಪ್ರಶ್ನೆ. ಹೊಸ ಬ್ಯಾಟರಿ ಹಾಕಿಸಿದ್ಮೇಲೆ ನನ್ನ ಗಾಡಿ ಕ್ಲಾಂಪ್ ಎಷ್ಟು ಬಿಗಿ ಮಾಡಿದ್ರೂ ಕೈಯಲ್ಲಿ ತಿರುಗುತ್ತೆ. ಅಂಗಡಿಯವ್ನು ಮಧ್ಯೆ ಒಂದು ಸ್ಕ್ರೂ ಹೊಡೆದು ಕೊಟ್ಟ. ಪರವಾಗಿಲ್ವಾ?

ವೋಲ್ಟ್ ಮೀಟರ್:
ಪರವಾಗಿಲ್ಲ ಅನ್ನೋ ಹಾಗೇ ಇಲ್ಲ! ತೆಗೆಸಿ. ಕಂಬದಲ್ಲಿ ಸಪೂರ, ದಪ್ಪ ಅಂತ ಎರಡು ಅಳತೆ ಇದೆ. ಜಪಾನ್ ಮೂಲದ ಸಣ್ಣ ಕಾರುಗಳಲ್ಲಿ ಸಪೂರದ್ದು, ಉಳಿದವುಗಳಲ್ಲಿ ದಪ್ಪದ್ದು. ಬ್ಯಾಟರಿ ಮೇಲೆ 38ಬಿ20ಎಲ್ ಅಂತ ಇದ್ರೆ ಸಪೂರ ಕಂಬ, ಕೊನೇಲಿ ಎಸ್ ಸೇರಿ 38ಬಿ20ಎಲ್‌ಎಸ್ ಅಂತಿದ್ರೆ ದಪ್ಪ. ದಪ್ಪದ ಕ್ಲಾಂಪಿಗೆ ಸಪೂರದ ಬ್ಯಾಟರಿ ಕೊಟ್ಟಿದ್ದಾರೆ. ಸ್ಕ್ರೂ ಹೊಡೆದ್ರೆ ಎರಡು ಮೂರು ಬಿಂದುವಲ್ಲಿ ಮಾತ್ರ ತಾಗುತ್ತೆ, ಸೆಲ್ಫ್ ಹೊಡೆಯೋವಾಗ ನೂರಾರು ಆಂಪಿಯರ್ ಅದರಲ್ಲೇ ಹೋಗ್ಬೇಕು, ಬಿಸಿ ಆಗಿ ಕಂಬವೇ ಕರಗಿದ್ದನ್ನ ನೋಡಿದ್ದೀನಿ. ವಾರಂಟಿ ಕಾರ್ಡ್ ತಗೊಂಡು ವಾಪಸ್ ಹೋಗಿ ಸರಿಯಾದ ಬ್ಯಾಟರಿ ಕೇಳಿ, ಕೊಡಲ್ಲ ಅಂದ್ರೆ ಸಪೂರ ಕಂಬಕ್ಕೆ ಹಾಕೋ ಸೀಸದ ಟೋಪಿ ಸಿಗುತ್ತೆ, ಎರಡಕ್ಕೂ ಹಾಕಿಸ್ಕೊಳ್ಳಿ. ಪಾಸಿಟಿವ್ ಟೋಪಿ ನೆಗೆಟಿವ್‌ಗಿಂತ ಸ್ವಲ್ಪ ದಪ್ಪ ಇರುತ್ತೆ, ಅದಲು ಬದಲು ಮಾಡ್ಬೇಡಿ.

ಮೈಸೂರ್ ಮಲ್ಲಿಗೆ ಬಡಾವಣೆ:
ನೋಡ್ದೆ ಸಾರ್, ಎಸ್ ಇಲ್ಲ. ನಾಳೆ ಅಂಗಡಿ ತೆಗೆಯೋ ಹೊತ್ತಿಗೆ ಹೋಗ್ತೀನಿ.